ಕೀಬೋರ್ಡ್ ಮಾಸ್ತರರ ಮಂದ ಕಿವಿ

ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಮಾಸ್ತರರು ಯಾವ ಸಿಂಥಸೈಜರನ್ನೂ ಬರೀ ನುಡಿಸಿ ನೋಡಿ ಖರೀದಿಸುವವರಲ್ಲ. ಪಕ್ಕದಲ್ಲಿ ನಾನು ಹಾಡುತ್ತಿರಬೇಕು, ಆಮೇಲೆಯೇ ಕೀ ಮುಟ್ಟುತ್ತಿದ್ದರು. “ಒಂಟಿ ಬಾರ್ಸಿದ್ರ ಎಲ್ಲಾವೂ ಚಂದನ ಕೇಳ್ತಾವ್ರಿ” ಎನ್ನುವುದು ಅವರ ಮಾತು.

ಆ ದಿನ ಸವಣೂರಿನ ವಾದ್ಯದ ಅಂಗಡಿಯಲ್ಲಿ ಹಾಡಲು ನನಗೆ ಭಯವಿತ್ತು. ತಿಂಗಳಿಂದ ಗಂಟಲು ನೋವು. ಗೊತ್ತಾದರೆ ಮ್ಯಾನೇಜರ್ ಬೇರೆ ಹಾಡುಗಾರ್ತಿಯನ್ನು ಕರೆತರುತ್ತಾನೆಂದು ಯಾರಿಗೂ ಹೇಳಿರಲಿಲ್ಲ.

ಮ್ಯಾನೇಜರ್ ಮೆಚ್ಚಿದ್ದ ದೊಡ್ಡ ಸಿಂಥಸೈಜರಿನ ತುಂಬು ದನಿಯೊಳಗೆ ನನ್ನ ಹಾಡು ಮುಳುಗಿತು. ದನಿ ಏರಿಸಿದೆ, ಇನ್ನೂ ಏರಿಸಿದೆ. ಮಾಸ್ತರರು ನುಡಿಸುತ್ತಲೇ, ಕೀಗಳನ್ನು ಬಿಟ್ಟು ನನ್ನ ಕೊರಳಿನ ಉಬ್ಬಿದ ನರವನ್ನೇ ನೋಡುತ್ತಿದ್ದರು. ಥಟ್ಟನೆ ನಿಲ್ಲಿಸಿ ಪಕ್ಕದ ಸಣ್ಣ ಸಿಂಥಸೈಜರಿಗೆ ಸರಿದರು. ಅದರ ತೆಳು ದನಿ ನನ್ನದಕ್ಕೆ ದಾರಿ ಬಿಟ್ಟು ನಿಂತಿತು.

“ಇದನ್ನ ತಗೊಳ್ರಿ” ಎಂದರು ಮಾಸ್ತರರು.

“ಸೊಳ್ಳಿ ಗುಂಯ್ ಅಂದಂಗ ಐತಲ್ರಿ ಮಾಸ್ತರ!” ಮ್ಯಾನೇಜರ್ ರೇಗಿದ. “ದೊಡ್ಡದು ಯಾಕ ಬ್ಯಾಡ?”

ಮಾಸ್ತರರು ಕಿವಿ ಮುಟ್ಟಿಕೊಂಡರು.

“ನನ್ನ ಕಿವಿ ಈಗೀಗ ಮಂದ ಆಗ್ಯಾವ್ರಿ. ಅದನ್ನ ಬಾರ್ಸಿದ್ರ ಆಕಿ ಹಾಡೂದು ನನಗ ಕೇಳಂಗಿಲ್ಲ.”

ಮ್ಯಾನೇಜರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸಣ್ಣದನ್ನೇ ಕೊಂಡ.

ಬಂಕಾಪುರದ ಬಸ್ಸಿನ ಗದ್ದಲದಲ್ಲಿ, ಹಿಂದಿನ ಸೀಟಿನಲ್ಲಿ ಕುಳಿತು ಮೆಲ್ಲಗೆ ಗಂಟಲು ಸರಿಮಾಡಿಕೊಂಡೆ. ಮುಂದಿನ ಸೀಟಿನಲ್ಲಿದ್ದ ಮಾಸ್ತರರು ತಿರುಗಿಯೂ ನೋಡದೆ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿದರು.