ಪಾಕ್ ದರ್ಮಾ ಮಾತು ಮುಗಿಸುವವರೆಗೆ

ಕೋವಿಡ್ ಇಳಿದ ಮರುವರ್ಷ ನಾನು ಇಂಡೋನೇಷ್ಯಾದ ಕಾಲಿಮಂತಾನ್‌ನ ಒಂದು ಕಲ್ಲಿದ್ದಲು ಗಣಿಯಲ್ಲಿ ಜಿಯೋಟೆಕ್ನಿಕಲ್ ಎಂಜಿನಿಯರ್ ಆಗಿದ್ದೆ. ಅಗೆದ ಗುಂಡಿಯ ಗೋಡೆ ಎಲ್ಲಿ, ಎಷ್ಟು ಜಾರುತ್ತಿದೆ ಎಂದು ರಾಡಾರ್‌ನಲ್ಲಿ ಗಮನಿಸುವುದು ನನ್ನ ಕೆಲಸ. ಗಣಿಯ ನಿರ್ದೇಶಕರು ಪಾಕ್ ದರ್ಮಾ. ಪಾಕ್ ಎಂದರೆ ಅಲ್ಲಿ ಹಿರಿಯರಿಗೆ ಕೊಡುವ ಗೌರವ. ಅಗೆಯುವ ಯಂತ್ರದ ಆಪರೇಟರ್ ಆಗಿ ಸೇರಿ, ಸ್ವಂತ ಹೆಲಿಕಾಪ್ಟರಿನಲ್ಲಿ ಬಂದಿಳಿಯುವಷ್ಟು ಬೆಳೆದವರು. ಆ ಕಥೆ ಹೇಳುವುದೆಂದರೆ ಅವರಿಗೆ ಪಂಚಪ್ರಾಣ. ಅತಿಥಿಗಳು ಬಂದರೆ ತಾವು ಮೊದಲು ದುಡಿದ ಪಶ್ಚಿಮದ ಗೋಡೆಯ ಬುಡಕ್ಕೇ ಕರೆದೊಯ್ದು ಹೇಳಬೇಕು. ನಡುವೆ ಬಾಯಿ ಹಾಕಿ ಕೆಲಸ ಕಳೆದುಕೊಂಡವರಿದ್ದರು.

ಆ ಸಲ ಮನೆಯ ದೈವಕ್ಕೆ ಸಲ್ಲಿಸುವ ತಂಬಿಲದ ಪೂಜೆಗೆಂದು ರಜೆ ಹಾಕಿ ನಮ್ಮೂರು ಕೋಡಿಂಬಾಳಕ್ಕೆ ಬಂದಿದ್ದೆ. ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ರಬ್ಬರ್ ತೋಟದ ಗುಡ್ಡೆ ಹತ್ತಿದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ರಾಡಾರ್ ಪುಟ ತೆರೆದೆ. ಹಿಂದಿನ ಸಂಜೆ ಗಂಟೆಗೆ ಎರಡು ಮಿಲಿಮೀಟರ್ ಜಾರುತ್ತಿದ್ದ ಪಶ್ಚಿಮದ ಗೋಡೆ ಈಗ ಮೂವತ್ತು ದಾಟಿತ್ತು. ಇನ್ನು ಅದು ನಿಲ್ಲುವುದಿಲ್ಲ, ಬೀಳುತ್ತದೆ.

ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಅಲ್ಲಿನ ಅಧಿಕಾರಿ ರೂಡಿ ಎತ್ತಿದ.

“ಸೈರನ್ ಒತ್ತು. ಎಲ್ಲರನ್ನೂ ಮೇಲೆ ಕರೆಸು.”

“ಅಲಾರಂ ನಮಗೂ ಬಂದಿದೆ ಸರ್. ಪಾಕ್ ಕೆಳಗೆ ಅತಿಥಿಗಳಿಗೆ ತಮ್ಮ ಕಥೆ ಹೇಳುತ್ತಿದ್ದಾರೆ. ಮುಗಿದ ಕೂಡಲೇ ಒತ್ತುತ್ತೇನೆ.”

ಬೈದೆ, ಕೊನೆಗೆ ಬೇಡಿಕೊಂಡೆ. “ಐದೇ ನಿಮಿಷ ಸರ್” ಎಂದ. ಪಾಕ್ ದರ್ಮಾ ಅವರ ಮೊಬೈಲಿಗೆ ಕರೆ ಮಾಡಿದರೆ ದೂರದ ಗೇಟಿನ ಕಾವಲುಗಾರ ಎತ್ತಿದ. ಗಣಿಯೊಳಗೆ ಫೋನ್ ಒಯ್ಯಬಾರದೆಂಬ ನಿಯಮವನ್ನು ಪುಣ್ಯಾತ್ಮರು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಅಷ್ಟರಲ್ಲಿ ಅಣ್ಣ ಮೋನಪ್ಪ ನನ್ನನ್ನು ಹುಡುಕಿಕೊಂಡು ಗುಡ್ಡೆ ಹತ್ತಿ ಬಂದ.

“ಎಂತ ಮಾರಾಯ, ಎಲ್ರೂ ಕಾಯ್ತಾ ಇದ್ದಾರೆ. ನೀನು ಬರುದಿಲ್ವಾ?”

“ಅಣ್ಣ, ಗಣಿಯ ಗೋಡೆ ಈಗ ಬೀಳ್ತದೆ. ಕೆಳಗೆ ಜನ ಇದ್ದಾರೆ.”

“ಹಾಗಾದ್ರೆ ಓಡ್ಲಿಕ್ಕೆ ಹೇಳು!”

“ಹೇಳಿ ಆಯ್ತು.”

“ಮತ್ತೆ ಎಂತಕ್ಕೆ ಓಡುದಿಲ್ಲ ಅವರು?”

ಪರದೆಯಲ್ಲಿ ಜಾರುವ ವೇಗದ ಗೆರೆ ನೆಟ್ಟಗೆ ಮೇಲೇರುತ್ತಿತ್ತು. ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿನಲ್ಲೇ ಗೆರೆ ಕಡಿದುಹೋಯಿತು. ರಾಡಾರ್ ಅಳೆಯಲು ಗೋಡೆಯೇ ಉಳಿದಿರಲಿಲ್ಲ.

ಕಲ್ಲು ಉದುರುವುದನ್ನು ಕಂಡು ಓಡಿದ ಅತಿಥಿಗಳು ಬದುಕಿದರು. ಪಾಕ್ ದರ್ಮಾ ಅವರ ಕಾಲು ಮುರಿಯಿತು. ಸ್ವಲ್ಪ ಆಚೆ ಅದೇ ಗೋಡೆಯಡಿ ಅಗೆಯುತ್ತಿದ್ದ ಆಪರೇಟರ್ ಇರ್ವಾನ್ ಯಂತ್ರದ ಸಮೇತ ಮಣ್ಣಿನಡಿ ಸೇರಿದ.

ಕಾಲಿಮಂತಾನ್‌ಗೆ ವಾಪಸಾದ ದಿನವೇ ಆಸ್ಪತ್ರೆಗೆ ಹೋದೆ. ಪಾಕ್ ದರ್ಮಾ ನನ್ನ ಕೈ ಹಿಡಿದುಕೊಂಡು ಅತ್ತರು.

“ನನಗೇಕೆ ಯಾರೂ ಹೇಳಲಿಲ್ಲ?”

“ನೀವು ಮಾತಾಡುತ್ತಿದ್ದಿರಿ, ಪಾಕ್.”

ಗೋಡೆ ಜಾರುವುದನ್ನು ಅಳೆಯಲು ಯಂತ್ರವಿದೆ. ದೊಡ್ಡವರ ಮಾತಿನ ನಡುವೆ ಕೂಗಿ ಹೇಳಲು ಮನುಷ್ಯನೇ ಬೇಕು. ಇರ್ವಾನ್‌ಗೆ ಅಂಥ ಒಬ್ಬನೂ ಸಿಗಲಿಲ್ಲ.