ಗ್ರೈಂಡಿಂಗ್ ಶೆಡ್ಡಿಗೆ ಹೋದ ಹೆಡ್‌ಫೋನ್

ಕೋವಿಡ್ ಮುಗಿದು ಕಾರ್ಖಾನೆಗಳು ಮತ್ತೆ ಪೂರ್ತಿ ಪಾಳಿಯಲ್ಲಿ ಓಡತೊಡಗಿದ್ದ ಕಾಲ. ಬ್ಯಾಂಕಿನವರು ನನ್ನ ಗಂಡನನ್ನು ಮೈಸೂರಿನಿಂದ ಸೂರತ್‌ಗೆ ವರ್ಗ ಮಾಡಿದ್ದರು. ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು ಹೇಳುವವಳಾದ ನನಗೆ ಹಜೀರಾದ ಒಂದು ಭಾರೀ ಯಂತ್ರ ತಯಾರಿಕಾ ಕಾರ್ಖಾನೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕಾರ್ಮಿಕರ ಕಿವಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದು ನನ್ನ ಹೊಣೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ದೂರುತ್ತಾರೆ. ಬಂದಷ್ಟೇ ಬೇಗ ಅದು ಇಳಿಯುತ್ತದೆ ಕೂಡ. ಈ ಒಂದು ಪ್ರಕರಣದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಬಸವರಾಜ ಗದಗಿನ ಕಡೆಯವನು. ಗ್ರೈಂಡಿಂಗ್ ಶೆಡ್ಡಿನಲ್ಲಿ ಅವನ ಕೆಲಸ. ಬೆಸುಗೆ ಹಾಕಿದ ಉಕ್ಕಿನ ಅಂಚುಗಳನ್ನು ಉಜ್ಜಿ ನಯಮಾಡುವುದು. ಅಲ್ಲಿನ ಸದ್ದು ನೂರು ಡೆಸಿಬಲ್ ಆಸುಪಾಸು. ಪಕ್ಕದಲ್ಲಿ ನಿಂತವನೊಡನೆ ಮಾತಾಡಬೇಕಾದರೂ ಕಿರುಚಬೇಕು. ಆದರೂ ಮೊದಲ ಪರೀಕ್ಷೆಯಲ್ಲಿ ಅವನ ಕಿವಿ ಹದಿಹರೆಯದ ಹುಡುಗರ ಕಿವಿಯ ಹಾಗಿತ್ತು. ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ಇಲ್ಲದೆ ಅವನು ಎಂದೂ ಒಳಗೆ ಕಾಲಿಟ್ಟವನಲ್ಲ. ಕಂಪನಿ ಕಾಲೊನಿಯ ಭಜನಾ ಮಂಡಳಿಗೆ ಅವನೇ ಮುಖ್ಯ ಗಾಯಕ. "ಕಿವಿ ಹ್ವಾದ್ರ ಹಾಡು ಹ್ವಾದಂಗ ಅಲ್ಲೇನ್ರೀ ಅಕ್ಕಾರ?" ಎಂದಿದ್ದ. ನಾನು ಹೇಳಬೇಕಾದ ಪಾಠವನ್ನು ಅವನೇ ನನಗೆ ಹೇಳಿಕೊಟ್ಟಂತಾಗಿತ್ತು.

ಆ ವರ್ಷ ಗ್ರೈಂಡಿಂಗ್ ಶೆಡ್ಡಿಗೆ ಅಪಘಾತವಿಲ್ಲದೆ ಕೆಲಸ ಮಾಡಿದ್ದಕ್ಕೆ ಬಹುಮಾನ ಬಂತು. ಪ್ರತಿವರ್ಷ ಕೊಡುವ ಗೋಡೆ ಗಡಿಯಾರ ಬೇಡ, ಎಲ್ಲರಿಗೂ ಹೆಡ್‌ಫೋನ್ ಕೊಡೋಣ ಎಂದವರು ಸುರಕ್ಷತಾ ವಿಭಾಗದ ಮ್ಯಾನೇಜರ್ ಮೆಹ್ತಾ. ಆರಿಸುವ ಕೆಲಸ ನನಗೆ ಬಂತು. "ಬೆನ್, ಗರ್ಬಾ ಕೇಳುವವರಿದ್ದಾರೆ, ಭಜನೆಯವರಿದ್ದಾರೆ, ಹಳೇ ಹಿಂದಿ ಹಾಡಿನವರಿದ್ದಾರೆ. ಎಲ್ಲಕ್ಕೂ ಹೊಂದುವಂಥದ್ದು ನೋಡಿ" ಎಂದರು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ. ಕೇಳಿ ಖುಷಿಯಾಯಿತು. ಕಾರ್ಮಿಕರ ಕಿವಿಗೂ ಒಳ್ಳೆಯದು ಬೇಕು ಎಂದು ಯೋಚಿಸುವ ಮ್ಯಾನೇಜರ್ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಸಗಟು ಮಾರಾಟಗಾರನ ಅಂಗಡಿ ಅಹಮದಾಬಾದಿನ ನವರಂಗಪುರದಲ್ಲಿತ್ತು. ಮಣಿನಗರ ಸ್ಟೇಷನ್ನಿನಲ್ಲಿ ಇಳಿದು ಆಟೊ ಹಿಡಿದು ಹೋದೆ. ಅಂಗಡಿಯವನು ನಾನು ಕೂರುವ ಮೊದಲೇ ಒಂದನ್ನು ನನ್ನ ತಲೆಗೆ ಏರಿಸಿ, ಸೌಂಡ್ ಏರಿಸಿ, "ಬೇಸ್ ಸುನಿಯೇ ಮೇಡಂ, ಬೇಸ್!" ಎಂದು ಕುಣಿದ. ತಗ್ಗು ಸ್ವರಗಳ ಆ ಗುಡುಗೇ ಬೇಸ್. ಹೆಡ್‌ಫೋನ್ ಕೊಳ್ಳಲು ಹೋಗುವ ಎಲ್ಲರಿಗೂ ಹೇಳುತ್ತೇನೆ: ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಎಂದು ನಮ್ಮ ಕಿವಿ ಮೋಸ ಹೋಗುತ್ತದೆ. ಎರಡನ್ನು ಹೋಲಿಸುವಾಗ ಎರಡರ ಸೌಂಡೂ ಒಂದೇ ಮಟ್ಟದಲ್ಲಿರಬೇಕು. ಅಂಗಡಿಯವರ ಹಾಡು ಬೇಡ, ನಿಮಗೆ ಬಾಯಿಪಾಠವಾಗಿರುವ ಹಾಡು ಹಾಕಿಸಿ. ನವರಾತ್ರಿ ಕುಣಿತದ ಗರ್ಬಾ ಹಾಡಿನಲ್ಲಿ ಢೋಲು ಬಡಿಯುವಾಗ ಹಾಡುವ ಹೆಂಗಸಿನ ಉಸಿರು ಕೇಳುತ್ತದೆಯೇ, ತಗ್ಗಿದ ಆಲಾಪದಲ್ಲಿ ತಂಬೂರಿ ಉಳಿಯುತ್ತದೆಯೇ ನೋಡಿ. ಕನ್ನಡಕ ಹಾಕಿಕೊಂಡೇ ಸ್ವಲ್ಪ ಹೊತ್ತು ಕೂತು ನೋಡಿ, ಕಿವಿ ಬಿಸಿಯಾಗಿ ಒತ್ತಿದರೆ ಎಷ್ಟು ಒಳ್ಳೆಯದಾದರೂ ನಾಳೆ ಅದು ಕಪಾಟು ಸೇರುತ್ತದೆ.

ಅರ್ಧ ದಿನ ಅಂಗಡಿಯವನ ತಲೆ ತಿಂದು, ಯಾವ ಹಾಡಿಗೂ ತನ್ನ ಬಣ್ಣ ಬಳಿಯದ ಒಂದನ್ನು ಆರಿಸಿದೆ. ಅದರಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇತ್ತು, ಅಂದರೆ ಹೊರಗಿನ ಸದ್ದನ್ನು ಎದುರು ಸದ್ದಿನಿಂದ ತಗ್ಗಿಸುವ ಸೌಲಭ್ಯ. ಊರಿಗೆ ರೈಲಿನಲ್ಲಿ ಹೋಗುವವರಿಗೆ ಅನುಕೂಲ ಎಂದುಕೊಂಡೆ. ನವರಾತ್ರಿಗೆ ಮುಂಚೆ ಬಹುಮಾನ ಹಂಚುವಾಗ ಮೈಕಿನಲ್ಲೇ ಹೇಳಿದೆ, ಇದು ಮನೆಯಲ್ಲಿ ಹಾಡು ಕೇಳಲಿಕ್ಕೆ, ಶೆಡ್ಡಿಗೆ ಮಫ್ಫೇ ಬೇಕು ಎಂದು. ಮೆಹ್ತಾ ನನ್ನ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದರು.

ನಮ್ಮ ಸಂಕ್ರಾಂತಿಗೆ ಅಲ್ಲಿ ಉತ್ತರಾಯಣ ಎನ್ನುತ್ತಾರೆ; ಅದರ ಗಾಳಿಪಟಗಳು ಇಳಿದ ಮೇಲೆ ಒಂದು ದಿನ, ಪರೀಕ್ಷೆಗೆ ಬಾರದವರನ್ನು ಕರೆಯಲು ನಾನೇ ಶೆಡ್ಡಿಗೆ ಹೋದೆ. ಕಿಡಿ ಹಾರುತ್ತಿರುವ ಗ್ರೈಂಡರುಗಳ ಮುಂದೆ ಸಾಲಾಗಿ ನಿಂತವರ ಹೆಲ್ಮೆಟ್ಟಿನಡಿ ನಾನು ಆರಿಸಿದ ಹೆಡ್‌ಫೋನುಗಳಿದ್ದವು. ನನಗೆ ಮೈಯೆಲ್ಲ ಉರಿಯಿತು. ಬಸವರಾಜನನ್ನು ಹೊರಗೆ ಎಳೆದುಕೊಂಡು ಬಂದು, ಮಫ್ ಎಲ್ಲಿ ಎಂದು ಕೇಳಿದೆ.

"ಹಳೇವು ಹರದು ಹ್ವಾದುವ್ರಿ. ಸ್ಟೋರಿನ್ಯಾಗ ಹೊಸಾವು ಇಲ್ಲಂತ. ಇದನ್ನ ಹಾಕ್ಕೋರಿ, ಇದ್ರಾಗ ಸಪ್ಪಳ ಬಂದ್ ಆಗತೈತಿ, ನಿಮ್ಮ ಡಾಕ್ಟರಮ್ಮಾರ ಆರಿಸ್ಯಾರ ಅಂತ ಮೆಹ್ತಾ ಸಾಹೇಬ್ರು ಅಂದ್ರು" ಎಂದ. ಮತ್ತೆ ಅವನೇ ಸೇರಿಸಿದ: "ಹಾಡು ಹಚ್ಚಿದ್ರ ಗ್ರೈಂಡರ್ ತಿಳಿಯಂಗಿಲ್ರಿ. ಆದ್ರ ಸೌಂಡ್ ಪೂರ್ತಿ ಏರಿಸಬೇಕು."

ನಾಯ್ಸ್ ಕ್ಯಾನ್ಸಲಿಂಗ್ ತಗ್ಗಿಸುವುದು ರೈಲಿನ, ವಿಮಾನದ ಒಂದೇ ಸಮನೆಯ ಗುಂಯ್‌ಗುಡುವಿಕೆಯನ್ನು. ಗ್ರೈಂಡರಿನ ಚೀರಾಟದ ಮುಂದೆ ಅದರ ಆಟ ನಡೆಯುವುದಿಲ್ಲ. ಕಿವಿಯ ಮೇಲೆ ಕೂರುವ ಮೆತ್ತೆ ಒಂದಿಷ್ಟು ತಡೆದೀತು, ಸುರಕ್ಷತಾ ಕನ್ನಡಕದ ಕಡ್ಡಿಯ ಸಂದಿಯಿಂದ ಉಳಿದದ್ದು ಒಳಗೆ ನುಗ್ಗುತ್ತದೆ. ಆ ಚೀರಾಟವನ್ನು ಮುಳುಗಿಸಲು ಇವರು ಅದರ ಮೇಲೆ ಹಾಡು ಸುರಿಯುತ್ತಿದ್ದರು. ಒಂದು ಕಿವಿಗೆ ಎರಡೆರಡು ಪೆಟ್ಟು ಬೀಳುತ್ತಿತ್ತು.

ಬಸವರಾಜನ ಫೋನು, ಹೆಡ್‌ಫೋನು ಎರಡನ್ನೂ ಇಸಿದುಕೊಂಡು ನೇರ ಮೆಹ್ತಾರ ಕೋಣೆಗೆ ನುಗ್ಗಿದೆ. ಅವರು ಚಹಾ ಕುಡಿಯುತ್ತಿದ್ದರು. ಹೊಸ ಮಫ್‌ಗಳ ಖರೀದಿಯನ್ನು ತಾವೇ ರದ್ದು ಮಾಡಿಸಿದ್ದನ್ನು ಮುಚ್ಚಿಡಲೂ ಇಲ್ಲ.

"ಅರೇ ಬೆನ್, ನಾಯ್ಸ್ ಕ್ಯಾನ್ಸಲಿಂಗ್ ಹೈ ನಾ! ಒಂದೇ ಕೆಲಸಕ್ಕೆ ಎರಡೆರಡು ಯಾಕೆ? ಆರಿಸಿದ್ದು ನೀವೇ ಅಲ್ಲವೇ?"

ನನ್ನ ಹೆಸರನ್ನೇ ಗುರಾಣಿ ಮಾಡಿಕೊಂಡಿದ್ದ ಮನುಷ್ಯ! ಬಸವರಾಜ ಸೌಂಡ್ ಎಲ್ಲಿ ಇಟ್ಟಿದ್ದನೋ ಅಲ್ಲಿಯೇ ಬಿಟ್ಟು, "ನೀವೂ ಒಮ್ಮೆ ಕೇಳಿ" ಎಂದು ಹೆಡ್‌ಫೋನನ್ನು ಅವರ ಕೈಗಿತ್ತೆ. ಹಾಕಿಕೊಂಡರು. ಹಾಡು ಒತ್ತಿದೆ. ಮೆಹ್ತಾ ಕುರ್ಚಿಯಿಂದ ಎದ್ದೇ ಬಿಟ್ಟರು. ಕಿತ್ತು ಮೇಜಿನ ಮೇಲೆ ಎಸೆದ ರಭಸಕ್ಕೆ ಚಹಾ ಚೆಲ್ಲಿತು.

"ಪಾಗಲ್ ಹೋ ಗಯೀ ಹೈಂ ಆಪ್?"

"ನಿಮ್ಮ ಜನ ಇಡೀ ಪಾಳಿ ಇದನ್ನೇ ಕೇಳುತ್ತಿದ್ದಾರೆ, ಹೊರಗಿನ ಗ್ರೈಂಡರ್ ಬೇರೆ" ಎಂದೆ. "ಮಫ್ ಬರುವವರೆಗೆ ಶೆಡ್ ನಿಲ್ಲಬೇಕು. ಇಲ್ಲದಿದ್ದರೆ ನಾನು ಇಲ್ಲಿಂದ ಎದ್ದು ಕಾರ್ಖಾನೆ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗುತ್ತೇನೆ."

ಕೆಲಸ ಹೋದರೆ ಹೋಗಲಿ ಎಂದೇ ಆಡಿದ ಮಾತು ಅದು. ಶೆಡ್ ನಿಂತಿತು. ಸಂಜೆಯೊಳಗೆ ಸೂರತ್ ಪೇಟೆಯಿಂದಲೇ ಮಫ್‌ಗಳು ಬಂದವು. ಅಷ್ಟು ಸುಲಭವಾಗಿ ಬರಬಹುದಾಗಿದ್ದಂಥವು ಅಷ್ಟು ತಿಂಗಳು ಬಂದಿರಲಿಲ್ಲ ಎಂಬುದಕ್ಕೆ ನನ್ನ ಸಿಟ್ಟು ಇನ್ನಷ್ಟು ಏರಿತು.

ಬೇಸಿಗೆಯ ಬಿಸಿಲು ಏರತೊಡಗಿದ ಮೇಲೆ ಒಂದು ದಿನ ಬಸವರಾಜ ಆಸ್ಪತ್ರೆಗೆ ಬಂದ. ಕೈಯಲ್ಲಿ ಅದೇ ಹೆಡ್‌ಫೋನ್. "ಅಕ್ಕಾರ, ಇದು ಕೆಟ್ಟೈತ್ರಿ. ತಬಲಾ ಚಲೋ ಕೇಳತೈತಿ, ಹಾಡೂ ಕೇಳತೈತಿ, ತಾಳದ ಸಪ್ಪಳ ಅಷ್ಟ ಬರಂಗಿಲ್ಲ. ಬ್ಯಾರೆ ಚಲೋದೊಂದು ಆರಿಸಿ ಕೊಡ್ರಿ."

ನಾನು ಹಾಕಿಕೊಂಡು ಕೇಳಿದೆ. ಅವನದೇ ಭಜನೆ, ಅವನದೇ ಫೋನು. ತಾಳ ಕಣಕಣ ಎನ್ನುತ್ತಿತ್ತು.

ಪರೀಕ್ಷೆಗೆ ಕೂರಿಸಿದೆ. ಎರಡೂ ಕಿವಿಗಳಲ್ಲಿ, ನಾಲ್ಕು ಸಾವಿರ ಹರ್ಟ್ಸ್ ಬಳಿ, ಅಂದರೆ ತಾಳದ ಝಣತ್ಕಾರ ಇರುವಂಥ ಎತ್ತರದ ಸ್ವರಗಳಲ್ಲಿ, ಪರೀಕ್ಷೆಯ ನಕ್ಷೆಯ ಗೆರೆ ಆಳವಾದ ಗುಂಡಿಗೆ ಇಳಿದಿತ್ತು, ಅಂದರೆ ಆ ಸ್ವರಗಳು ಅವನಿಗೆ ಕೇಳುತ್ತಿರಲಿಲ್ಲ. ರಜೆ ಹಾಕಿಸಿ ಕಿವಿಗೆ ವಿಶ್ರಾಂತಿ ಕೊಟ್ಟು ಮತ್ತೆ ನೋಡಿದರೂ ಗುಂಡಿ ಅಲ್ಲಿಯೇ ಇತ್ತು. ಒಮ್ಮೆ ಸತ್ತ ಒಳಗಿವಿಯ ಕೂದಲು ಕೋಶಗಳು ಮತ್ತೆ ಹುಟ್ಟುವುದಿಲ್ಲ.

"ಹಂಗಾರ ಹೆಡ್‌ಫೋನ್ ಚಲೋನ ಐತೇನ್ರೀ?" ಎಂದು ಕೇಳಿದ.

"ಹೌದು ಬಸವರಾಜ್, ಚೆನ್ನಾಗಿದೆ" ಎಂದೆ. ಅವನು ಅದನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದ.

ಮೆಹ್ತಾ ಬಡ್ತಿ ಪಡೆದು ವಡೋದರಕ್ಕೆ ಹೋದರು. ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಯಾವ ಹೆಡ್‌ಫೋನ್ ಒಳ್ಳೆಯದು ಎಂದು ಈಗಲೂ ಜನ ಕೇಳುತ್ತಾರೆ. ಎಲ್ಲಿ ಕೂತು ಕೇಳುತ್ತೀರಿ ಎಂದು ಮೊದಲು ವಿಚಾರಿಸುತ್ತೇನೆ, ಹಾಡಿನ ವಿಷಯ ಆಮೇಲೆ. ನನ್ನ ಹೆಸರು ಹೇಳಿ ಯಾರೇ ಏನೇ ಹಂಚಿದರೂ ಅದು ಎಲ್ಲಿ ಹೋಗಿ ಮುಟ್ಟಿತೆಂದು ಬೆನ್ನು ಹತ್ತಿ ನೋಡುತ್ತೇನೆ. ಕೆಲಸ ನನಗೆ ಕಲಿಸಿದ್ದು ಇದು, ಕಲಿಕೆಯ ಬೆಲೆ ತೆತ್ತವಳು ಮಾತ್ರ ನಾನಲ್ಲ. ಬಸವರಾಜ ಈಗಲೂ ಕಾಲೊನಿಯ ಭಜನೆಯಲ್ಲಿ ಹಾಡುತ್ತಾನೆ. ತಾಳ ಹಾಕುವವರನ್ನು ಎದುರಿಗೇ ಕೂರಿಸಿಕೊಳ್ಳುತ್ತಾನೆ, ಹಾಡು ಮುಗಿಯುವವರೆಗೂ ಅವರ ಕೈಗಳನ್ನೇ ನೋಡುತ್ತಿರುತ್ತಾನೆ.