ಏನನ್ನೂ ಕೇಳದ ಆಯಮ್ಮ

ಆಯಮ್ಮ ಕೆಲಸಕ್ಕೆ ಕೈ ಹಾಕುವ ಮೊದಲು ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಜಾರದಂತೆ ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಮಗ್ಗುಲು ಬದಲಿಸುವಾಗ ರೋಗಿಗೆ ಚುಚ್ಚಬಾರದಲ್ಲ. ಮಾನ್ವಿಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅವರು ನೆಲ ಒರೆಸುತ್ತಿದ್ದರೆ ದೊಡ್ಡ ಡಾಕ್ಟರೂ ಬಾಗಿಲಲ್ಲೇ ನಿಲ್ಲುತ್ತಿದ್ದರು.

ಲಕ್ವಾ ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಮನೆ ರಾಯಚೂರಿನಲ್ಲಿ, ಎರಡು ದಿನ ಮಾನ್ವಿ, ಎರಡು ದಿನ ದೇವದುರ್ಗ, ಹೀಗೆ ವಾರ್ಡಿನಿಂದ ವಾರ್ಡಿಗೆ ಬಸ್ಸಿನಲ್ಲಿ ಅಲೆದಾಟ. ಆಗಷ್ಟೇ ಓದು ಮುಗಿದಿತ್ತು. ಬ್ಯಾಗಿನಲ್ಲಿ ಚಿತ್ರದ ಕಾರ್ಡುಗಳು, ತಲೆಯಲ್ಲಿ ಒಂದಿಷ್ಟು ಜಂಬ.

ಹಿರೇಕೊಟ್ನೆಕಲ್ಲಿನ ಹಿರಿಯರೊಬ್ಬರು ದಾಖಲಾಗಿದ್ದರು. ಊರಿನ ಜಗಳಗಳನ್ನು ಕೂತಲ್ಲೇ ಬಗೆಹರಿಸುತ್ತಿದ್ದ ಮಾತುಗಾರ. ಅವರನ್ನು ನೋಡಲು ಟಂಟಂ ಆಟೋ ತುಂಬ ಜನ ಬರುತ್ತಿದ್ದರು. ಬಂದವರೆಲ್ಲ ಮುಖದ ಹತ್ತಿರ ಬಗ್ಗಿ ಕೇಳುವುದು ಒಂದೇ: "ಗುರ್ತ ಸಿಕ್ತೇನು? ನಾ ಯಾರು ಹೇಳು?" ಅವರಿಗೆ ಎಲ್ಲರ ಗುರುತೂ ಇತ್ತು, ಹೆಸರು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಕೇಳಿದವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ನಾಲ್ಕನೇ ದಿನ ಅವರು ಗೋಡೆಯ ಕಡೆ ಹೊರಳಿದರು. ಊಟಕ್ಕೂ ಬಾಯಿ ತೆರೆಯಲಿಲ್ಲ. ಅಪ್ಪನಿಗೆ ಬುದ್ಧಿಯೇ ಹೋಗಿದೆ, ನಾಳೆ ಮನೆಗೆ ಒಯ್ಯುತ್ತೇವೆ ಎಂದು ಮಗ ಹೇಳಿದ. ಹಾಗೆ ಒಯ್ದರೆ ಉಳಿದ ಬದುಕೆಲ್ಲ ಮೂಕರಾಗಿಯೇ ಕಳೆಯುತ್ತಾರೆಂದು ನನಗೆ ದಿಗಿಲಾಯಿತು. ಕಾರ್ಡು ತೆಗೆದು ಇದೇನು, ಇದೇನು ಎಂದು ಶುರು ಮಾಡಿದೆ. ಆಯಮ್ಮ ನನ್ನನ್ನು ಹೊರಗೆ ಕರೆದರು.

"ಸಿಟ್ಟಾಗಬ್ಯಾಡ್ರಿ ಮೇಡಂ. ನೋಡಾಕ ಬಂದವರು ಕೇಳಿದ್ದನ್ನ ನೀವೂ ಕೇಳಾಕತ್ತೀರಿ. ಹಿರೇ ಮನುಷ್ಯಾರು, ದಿನಾ ಎಷ್ಟು ಸಲ ನಾಪಾಸ್ ಆಗಬೇಕು?"

ನನಗೆ ಮೈಯೆಲ್ಲ ಉರಿಯಿತು. ಓದಿದವಳು ನಾನು. ಆದರೂ ಕಾರ್ಡುಗಳನ್ನು ಬ್ಯಾಗಿಗೆ ಹಾಕಿದೆ; ಒಪ್ಪಿಗೆಯಾಗಿ ಅಲ್ಲ, ಬೇರೆ ದಾರಿ ತೋಚದೆ.

ಆ ಮಧ್ಯಾಹ್ನ ಆಯಮ್ಮ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ತಾಕೀತು ಮಾಡಿದರು: ನಿಮ್ಮ ಹೆಸರು ನೀವೇ ಹೇಳಿ, ಊರ ಸುದ್ದಿ ಹೇಳಿ, ಏನನ್ನೂ ಕೇಳಬೇಡಿ. ಆಮೇಲೆ ಹಿರಿಯರ ಬೆನ್ನು ಒರೆಸುತ್ತ, ಕವಿತಾಳದ ತಮ್ಮ ಮನೆಯ ಎಮ್ಮೆ, ಸೊಸೆಯ ಸೆಡವು, ಓಣಿಯ ನಳದ ಜಗಳ ಎಲ್ಲ ಹೇಳಿಕೊಂಡರು. ನಳದ ಜಗಳ ಬಂದಾಗ ಹಿರಿಯರು ನಿಧಾನವಾಗಿ ಈ ಕಡೆ ಹೊರಳಿದರು. ನಿಂತೇ ಇದ್ದ ಆಯಮ್ಮನನ್ನು ನೋಡಿ, ಎಡಗೈಯಿಂದ ಹಾಸಿಗೆಯ ಅಂಚು ತಟ್ಟಿದರು.

"ಕುಂದ್ರು... ಯವ್ವಾ."

ಬಾಗಿಲಲ್ಲಿದ್ದ ಮಗ ಅತ್ತುಬಿಟ್ಟ. ಅಪ್ಪನನ್ನು ಒಯ್ಯುವ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದೆ ನಾನೂ ದುಡಿದೆ, ಇಲ್ಲವೆನ್ನಲಾರೆ. ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯುವಷ್ಟು ಸುಧಾರಿಸಿ ಹಿರಿಯರು ಮನೆಗೆ ಹೊರಟ ದಿನ, ಮಗ ನನ್ನ ಎರಡೂ ಕೈ ಹಿಡಿದು, ನಮ್ಮಪ್ಪನ್ನ ಉಳಿಸಿದ್ರಿ ಎಂದ. ಆಯಮ್ಮ ಪಕ್ಕದಲ್ಲೇ ಹಾಸಿಗೆ ಬಟ್ಟೆ ಬದಲಿಸುತ್ತಿದ್ದರು. ನಾನು ನಕ್ಕು, ದೇವದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಹೋದ ವರ್ಷ ಆಯಮ್ಮ ತೀರಿಕೊಂಡರು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ತಿಂಗಳಾಗಿತ್ತು. ಈಗ ನನ್ನ ಬಳಿ ಕಲಿಯಲು ಬಂದವರು, ರೋಗಿಗೆ ಏನನ್ನೂ ಕೇಳದೆ ನಿಮ್ಮದೇ ಸುದ್ದಿ ಯಾಕೆ ಹೇಳುತ್ತೀರಿ, ಇದು ಯಾವ ಪುಸ್ತಕದಲ್ಲಿದೆ ಎನ್ನುತ್ತಾರೆ. ಮಾನ್ವಿಯ ಆಯಮ್ಮ ಕಲಿಸಿದ್ದು ಎನ್ನುತ್ತೇನೆ. ಆ ಮಗ ಕೈ ಹಿಡಿದಾಗ, ಅವರು ಪಕ್ಕದಲ್ಲೇ ಇದ್ದಾಗ, ಇಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ.